ಮೊಮ್ಮಗಳ ನಾಮಫಲಕದ ಓರೆ ಸಾಲು

ಮಾರ್ಚ್ ೧೪, ಗುರುವಾರ

೧. ವಿಷಯ: ನನ್ನ ಲೇಸರ್ ಕೆತ್ತನೆ ಯಂತ್ರದಲ್ಲಿ ಮೊಮ್ಮಗಳ ನಾಮಫಲಕದ ಎರಡನೆಯ ಸಾಲು ಓರೆಯಾಗಿರುವ ಬಗ್ಗೆ.
೨. ಅವಳ ಹಲ್ಲಿನ ಕ್ಲಿನಿಕ್ ತೆರೆಯುವುದು: ನಾಳೆ ಸಂಜೆ.
೩. ಉಳಿದಿರುವ ತೇಗದ ಹಲಗೆ: ಒಂದೇ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಯಂತ್ರದ ಬೆಲ್ಟನ್ನು ಬಿಗಿಗೊಳಿಸಿ, ಸ್ಕ್ರೂಗಳನ್ನೆಲ್ಲ ಪರಿಶೀಲಿಸಿದರೂ ದೋಷದ ಮೂಲ ತಿಳಿಯದೆ ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದೆನು. ಮನೆಯಾಕೆ ಬಾಗಿಲಲ್ಲಿ ನಿಂತು ನಕ್ಕಳು.

"ರೀ, ಹೆಸರು ಮೂಡಿದ ಕೂಡಲೇ ಯಂತ್ರ ನಿಲ್ಲಿಸಿ, ಹಲಗೆ ಎತ್ಕೊಂಡು ನನಗೆ ತೋರಿಸೋಕೆ ಓಡಿ ಬಂದ್ರಲ್ಲ. ವಾಪಸ್ ಇಟ್ಟಿದ್ದು ಕಣ್ಣಂದಾಜಲ್ಲೇ ತಾನೆ?"

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆನು.

"ಇನ್ಮೇಲೆ ಪೂರ್ತಿ ಮುಗಿಯೋ ತನಕ ತೋರಿಸೋದಿಲ್ಲ ಬಿಡು."

"ಅದ್ಹೇಗೆ? ನಾನು ನೋಡಿ ಹೂಂ ಅನ್ನದೆ ನಿಮ್ಮ ಕೈ ಮುಂದೆ ಓಡುತ್ತಾ?"

ಆದಕಾರಣ, ಹಲಗೆ ಇಡುವ ಜಾಗದ ಮೂಲೆಯಲ್ಲಿ ಎರಡು ಮರದ ಪಟ್ಟಿಗಳನ್ನು ಸ್ಕ್ರೂ ಹಾಕಿ ಭದ್ರಪಡಿಸಿರುತ್ತೇನೆ. ಎಷ್ಟು ಸಲ ಎತ್ತಿದರೂ ಮೂಲೆಗೆ ಒತ್ತಿಟ್ಟರೆ ಹಲಗೆ ಮೊದಲಿದ್ದಲ್ಲೇ ಕೂರುತ್ತದೆ. ರಟ್ಟಿನ ಮೇಲೆ ಪರೀಕ್ಷಿಸಿದೆನು. ನಡುವೆ ಎತ್ತಿ ಆಕೆಗೆ ತೋರಿಸಿ ಬಂದ ಮೇಲೂ ಸಾಲು ನೆಟ್ಟಗೆ ಬಂದಿತು! ಬೆಳಿಗ್ಗೆ ತೇಗದ ಹಲಗೆಯನ್ನು ಕೈಗೆತ್ತಿಕೊಳ್ಳತಕ್ಕದ್ದು. ಸಂಜೆಯೊಳಗೆ ಫಲಕವು ಮೊಮ್ಮಗಳ ಕ್ಲಿನಿಕ್ಕಿನ ಬಾಗಿಲ ಮೇಲೆ... ಕಣ್ಣು ಎಳೆಯುತ್ತಿದೆ.

ಇಂತಿ,
ನನಗೆ ನಾನೇ ವಿಧೇಯ
(ಸಹಿ)

ಅಡಕ: ಓರೆ ಸಾಲಿನ ಹಲಗೆ, ಒಂದು. ಮನೆಯಾಕೆ ಅದನ್ನು ಅಡುಗೆಮನೆಯಲ್ಲಿ ತೂಗುಹಾಕಿಕೊಂಡು ಕೊಡಲೊಪ್ಪದ ಕಾರಣ ಲಗತ್ತಿಸಿರುವುದಿಲ್ಲ.