ಯಳ್ಳಮಾಸಿಯ ಸ್ಲ್ಯಾಬ್

ಡಿ. 8, ಸೋಮವಾರ

ಇವತ್ತೂ ಏಳೂವರೆ ಬಸ್ಸು ತಪ್ಪಿತು. ಸುರಪುರದಿಂದ ಶಹಾಪುರದ ಸೈಟಿಗೆ ಟಂಟಂ ಆಟೊದಲ್ಲಿ, ಹಾಲಿನ ಕ್ಯಾನುಗಳ ನಡುವೆ. ಆಳುಗಳ ಹಾಜರಿ, ಫೋಟೊ, ವಾಟ್ಸಾಪ್ ಅಪ್‌ಡೇಟ್. ಹತ್ತಿ ಗೋದಾಮು ಕಟ್ಟಿಸುವ ಪ್ರಾಜೆಕ್ಟ್ ಕೋಆರ್ಡಿನೇಟರ್ ನಾನು! ಕಾಲಮ್ ಯಾವುದು, ಬೀಮ್ ಯಾವುದು ಅಂತ ತಿಂಗಳ ಹಿಂದೆ ಗೊತ್ತಿರಲಿಲ್ಲ. ಬಿ.ಕಾಂ., ಒಂದು ಆನ್‌ಲೈನ್ ಸರ್ಟಿಫಿಕೇಟ್. ಅಷ್ಟೇ.

ಕೆಲಸ ಕಲಿಸುತ್ತಿರುವುದು ಮೇಸ್ತ್ರಿ ಮರಿಲಿಂಗಪ್ಪ ಕಾಕಾ. ‘ತಿಳೀಲಿಲ್ಲಂದ್ರ ಕೇಳು ತಂಗಿ. ಕೇಳಿದ್ರ ಯಾರ ಗಂಟೂ ಹೋಗಂಗಿಲ್ಲ.’

ಡಿ. 9

ಯಾದಗಿರಿ ಆಫೀಸು. ಮ್ಯಾನೇಜರ್ ಲಕ್ಷ್ಮಿಕಾಂತ ಸರ್ ಗೋದಾಮಿನ ಕೆಲಸಕ್ಕೆ ನಾನು ಮಾಡಿದ ದಿನವಾರು ಚಾರ್ಟನ್ನು ಸ್ಕ್ರೀನಿಗೆ ಹಾಕಿದರು. ಟೆಂಪ್ಲೇಟ್ ನೆಟ್‌ನಿಂದ ಇಳಿಸಿದ್ದು, ದಿನಾಂಕ ತುಂಬಿದ್ದು ನಾನು. ಚಾವಣಿಯ ಸ್ಲ್ಯಾಬ್ ಹಾಕುವುದು — 19, ಶುಕ್ರವಾರ. ವಿಡಿಯೊ ಕಾಲ್‌ನಲ್ಲಿದ್ದ ಹೈದರಾಬಾದಿನ ಕ್ಲೈಂಟ್ ‘ವೆರಿ ಗುಡ್’ ಅಂದರು. ಸುಳ್ಳೇಕೆ, ಎದೆ ಉಬ್ಬಿತು.

ಮಧ್ಯಾಹ್ನ ಕಾಕಾನ ಫೋನ್. ‘ತಂಗಿ, ಹತ್ತೊಂಬತ್ತಕ್ಕ ಯಳ್ಳಮಾಸಿ ಅದಲ್ಲ! ಚರಗ ಚೆಲ್ಲಾಕ ಊರಿಗಿ ಊರೇ ಹೊಲಕ್ಕ ಹೋಗ್ತದ. ಒಬ್ಬ ಆಳೂ ಬರಂಗಿಲ್ಲ. ದಿನಾ ಬದ್ಲಿ ಮಾಡ್ಸು, ಸಾಹೇಬ್ರಿಗಿ ಹೇಳು.’

ಹೇಳ್ತೀನಿ ಅಂದೆ.

ಥೂ, ನನಗೆ ಹೊಳೆಯಬೇಡವೇ? ನಡೆಯಲು ಕಲಿತಾಗಿನಿಂದ ಎಳ್ಳಮಾವಾಸ್ಯೆಗೆ ಹೊಲದ ಬೆಳೆಗೆ ಎಡೆ ಚೆಲ್ಲುವ ಚರಗಕ್ಕೆ ಹೋದವಳು.

ಡಿ. 12

ಹೇಳಿಲ್ಲ. ಎರಡು ಸಲ ಫೋನ್ ಹಚ್ಚಿ ಕಟ್ ಮಾಡಿದೆ. ಮೊದಲ ಚಾರ್ಟೇ ತಪ್ಪು ಅಂದರೆ? ಹೋದ ತಿಂಗಳು ಯಾರೋ ಇಂಜಿನಿಯರ್ ‘ಹಬ್ಬ ಇದೆ ಸರ್’ ಅಂದಿದ್ದಕ್ಕೆ ಕಾಲ್‌ನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ… ನಾಳೆ ಹೇಳುತ್ತೇನೆ.

ಡಿ. 15

‘ಹೇಳಿದೇನ್ ತಂಗಿ?’ — ಕಾಕಾ ಕೇಳಿದ.

ಹೂಂ ಅಂದೆ. ಯಾಕೆ ಅಂದೆ? ಬಾಯಿಗೆ ಬಂತು, ಅಂದೆ.

ಡಿ. 18

ಕಾಂಕ್ರೀಟ್ ಲಾರಿಗಳು ಬುಕ್ ಆಗಿವೆ. ಈಗ ಹೇಳಿದರೆ, ಇಷ್ಟು ದಿನ ಏನ್ ಮಾಡಾಕತ್ತಿದ್ದಿ ಅಂತಾರೆ. ಹತ್ತು ಆಳಾದರೂ ಬಂದಾರು. ಬರುವುದಿಲ್ಲ ಅಂತ ನನಗೆ ಗೊತ್ತು.

ಡಿ. 19, ಬೆಳಿಗ್ಗೆ 9.40

ಅವ್ವ ಹಬ್ಬದ ಕಾಯಿಪಲ್ಲೆ ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಟ್ಟಳು. ‘ಯಳ್ಳಮಾಸಿಗೂ ಕೆಲಸೇನ? ಎಂಥಾ ಕಂಪನಿಯೇ ನಿಮ್ದು!’ ತಲೆ ಎತ್ತದೆ ಬಂದೆ.

ಮೂರು ಲಾರಿ ಸಾಲಾಗಿ ನಿಂತಿವೆ. ಡ್ರಮ್ಮುಗಳು ತಿರುಗುತ್ತಲೇ ಇವೆ. ಒಂದು ನರಪಿಳ್ಳೆ ಇಲ್ಲ. ಕಾಕಾನ ಫೋನ್ ಔಟ್ ಆಫ್ ಕವರೇಜ್. ಹೊಲದಲ್ಲಿರುತ್ತಾನೆ. ಅಲ್ಲೇ ಇರಬೇಕಲ್ಲ…

1.30

ಕಾಂಕ್ರೀಟ್ ಗಟ್ಟಿಯಾಗತೊಡಗಿತು. ಡ್ರೈವರ್‌ಗಳು ಅಷ್ಟನ್ನೂ ಸೈಟಿನ ಹಿಂದಿನ ತಗ್ಗಿಗೆ ಸುರಿದು ಹೋದರು. ಸರ್ ಬಂದು ನೋಡಿದರು. ‘ಆಳು ಬರಂಗಿಲ್ಲಂತ ಮೇಸ್ತ್ರಿ ಮೊದಲಽ ಹೇಳಿದ್ನೇನು?’

‘ಇಲ್ರಿ ಸರ್.’

ಇಷ್ಟೇ. ಎರಡೇ ಮಾತು.

ಡಿ. 22

ಕಾಕಾನನ್ನು ಕೆಲಸದಿಂದ ತೆಗೆದರು. ಕರಣಿ, ಬಾಂಡಲಿ ಒಯ್ಯಲು ಬಂದಿದ್ದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

‘ಮರ್ತಿರ್ತಿ ಬಿಡು ತಂಗಿ. ಹೊಸಾಕಿ ಇದ್ದಿ. ಸಾಹೇಬ್ರ ಮುಂದ ನಾ ಏನೂ ಅಂದಿಲ್ಲ. ನಂದೇನು, ಸೈದಾಪುರ ಕಡಿ ಎಲ್ಲ್ಯಾರ ಕೆಲಸ ಸಿಗ್ತದ.’

ಮರೆತಿರಲಿಲ್ಲ ಕಾಕಾ — ಅನ್ನಬೇಕಿತ್ತು. ಬಾಂಡಲಿ ಎತ್ತಿ ಅವನ ಕೈಗೆ ಕೊಟ್ಟೆ. ಛೀ, ಇಂಥವಳೇ ನಾನು?

ಡಿ. 26

ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ. ಇವತ್ತು ಯಾದಗಿರಿಗೆ ಹೋಗಿ ಹೇಳಿಬಿಟ್ಟೆ. ಕಾಕಾ ಹತ್ತು ದಿನ ಮೊದಲೇ ಹೇಳಿದ್ದ ಸರ್, ಮುಚ್ಚಿಟ್ಟವಳು ನಾನು.

ಸರ್ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ. ‘ಗೊತ್ತದ. ಯಳ್ಳಮಾಸಿ ಅಂತ ಹೇಳದ ಮೇಸ್ತ್ರಿ ಈ ಜಿಲ್ಲಾದಾಗ ಯಾವ ಇದ್ದಾನ? ನಮ್ಮ ಮನ್ಯಾಗೂ ಅವತ್ತ ಭಜ್ಜಿ ಮಾಡಿದ್ರು.’

‘ಮತ್ತ ಅವನ್ನ ಯಾಕ ತೆಗದ್ರಿ ಸರ್?’

‘ರಿಪೋರ್ಟಿಗಿ ಒಂದು ಹೆಸರು ಬೇಕಿತ್ತು. ನೀ ಕೊಟ್ಟಿ.’ ಆಮೇಲೆ ಮೆತ್ತಗೆ, ‘ನಿನ್ನ ಹೆಸರು ಹಾಕ್ಲೇನು? ಹಾಕಿದ್ರ ಅವಾ ವಾಪಸ್ ಬರ್ತಾನ, ನಿನ್ನ ನೌಕರಿ ಹೋಗ್ತದ. ಸೋಮವಾರ ಹತ್ತರೊಳಗ ಹೇಳು.’

ಹೇಳುತ್ತೇನೆ. ಖಂಡಿತ ಹೇಳುತ್ತೇನೆ.

ಡಿ. 29, ಸೋಮವಾರ, 10.25

ಫೋನ್ ಮಾಡಲಿಲ್ಲ. ಹತ್ತು ಆಗುವ ತನಕ ಗಡಿಯಾರ ನೋಡುತ್ತ ಕೂತಿದ್ದೆ. ಹತ್ತಾಯಿತು. ಹತ್ತೂಕಾಲಾಯಿತು.

ಹೊಸ ಮೇಸ್ತ್ರಿ ಬಂದಿದ್ದಾನೆ, ಶರೀಫಸಾಬ. ‘ಮೇಡಮ್, ಹಿಂದಿನ ಮೇಸ್ತ್ರಿ ಯಾಕ ಬಿಟ್ಟಾನ್ರಿ? ಭಾಳ ಚೊಕ್ಕ ಮನಷಾ ಅಂತ ಕೇಳೀನಿ.’

‘ಹೇಳದಽ ಕೇಳದಽ ರಜಾ ಹಾಕ್ತಿದ್ದ,’ ಅಂದೆ.

ಈ ಸಲ ಸರ್ ಇರಲಿಲ್ಲ. ರಿಪೋರ್ಟೂ ಇರಲಿಲ್ಲ. ಯಾರ ಹೆದರಿಕೆಯೂ ಇಲ್ಲದೆ, ನಾನೇ, ನನ್ನ ಬಾಯಿಂದಲೇ ಮತ್ತೆ ಅವನ ಮೇಲೆ ಸುಳ್ಳು ಹೊರಿಸಿದೆ.