ದೊಡ್ಡದೋ ಸಣ್ಣದೋ ಬರೆದು ಕಳಿಸು

ಇನ್ನಂಜೆ
6 ಜುಲೈ 2025, ಪ್ರಥಮ ಏಕಾದಶಿ

ಪ್ರೀತಿಯ ಮಗಳು ಹರ್ಷಿಣಿಗೆ ಅಮ್ಮನ ಆಶೀರ್ವಾದ.

ಹೇಗಿದ್ದಿ ಮಗಾ? ಕಾರ್ಕಳದಲ್ಲಿಯೂ ಮಳೆ ಜೋರುಂಟಾ? ಹಾಸ್ಟೆಲಿನ ನೀರಿಗೆ ಶೀತ ಹಿಡಿದಿತ್ತಲ್ಲ, ಈಗ ಕಮ್ಮಿ ಆಯಿತಾ? ಒದ್ದೆ ತಲೆಯಲ್ಲಿ ಕ್ಲಾಸಿಗೆ ಓಡಬೇಡ. ಇವತ್ತು ನನಗೆ ಉಪವಾಸ. ದನದ ಹಟ್ಟಿ ತೊಳೆದು, ಅಂಗಳ ಗುಡಿಸಿ, ತುಳಸಿಗೆ ನೀರು ಹಾಕಿ, ದೇವಸ್ಥಾನಕ್ಕೂ ಹೋಗಿ ಬಂದು ಬರೆಯಲು ಕೂತಿದ್ದೇನೆ. ಅಪ್ಪ ಎದುರಿನ ಕುರ್ಚಿಯಲ್ಲಿಯೇ ಇದ್ದಾರೆ. ಏಕಾದಶಿ ಎಂದು ಮೀನು ಮಾಡದ್ದಕ್ಕೆ ಮುಖ ದಪ್ಪ ಮಾಡಿಕೊಂಡಿದ್ದಾರೆ. ಬರೆದದ್ದನ್ನೆಲ್ಲ ಅವರಿಗೆ ಓದಿ ಹೇಳಬೇಕಂತೆ.

ಮಸ್ಕತ್ತಿನಿಂದ ನಿನ್ನ ಸರ್ವೋತ್ತಮ ಮಾವ ಬಂದಿದ್ದಾನೆ. ಹತ್ತನೆಯಲ್ಲಿ ನೀನು ಒಳ್ಳೆ ಮಾರ್ಕು ತೆಗೆದದ್ದಕ್ಕೆ ಕೈಯಲ್ಲಿ ಹಿಡಿದು ಆಡುವ ಗೇಮು ತಂದಿದ್ದಾನೆ, ಹಳೇ ಕಾಲದ ಆಟಗಳನ್ನೆಲ್ಲ ಒಳಗೆ ತುಂಬಿಸಿಟ್ಟದ್ದು. ಎರಡು ಬಗೆಯದ್ದು ಉಂಟು. ಒಂದು ನಿನಗೆ, ಒಂದು ಅವನ ಮಗ ಜಿತೇಶನಿಗೆ. "ಅಕ್ಕಾ, ಮೊದಲು ನೀವು ಆರಿಸಿ, ಉಳಿದದ್ದನ್ನು ನಾನು ಸಂತೆಕಟ್ಟೆಯ ಮನೆಗೆ ಕೊಂಡುಹೋಗುತ್ತೇನೆ" ಎಂದ. ತೊಂಡೆಕಾಯಿ ಆರಿಸಿದ ಹಾಗಾ ಇದು? ಆದರೂ ನೋಡಿದ್ದೇನೆ, ಹೇಳುತ್ತೇನೆ ಕೇಳು. ಸಣ್ಣದು ಅಜ್ಜಿಯ ಎಲೆಯಡಿಕೆ ಡಬ್ಬಿಯಷ್ಟು, ಚೂಡಿದಾರದ ಕಿಸೆಗೆ ಹಿಡಿಯುತ್ತದೆ. ಒಮ್ಮೆ ಚಾರ್ಜು ಮಾಡಿದರೆ ಇಡೀ ದಿನಕ್ಕೆ ಸಾಕು. ಆದರೆ ಅಕ್ಷರಗಳು ಇರುವೆಯ ಹಾಗೆ, ನನ್ನ ಕನ್ನಡಕಕ್ಕೆ ಸಿಗುವುದಿಲ್ಲ. ದೊಡ್ಡದು ಅಡ್ಡಕ್ಕೆ ಉದ್ದ, ಎರಡು ಕೈಯಲ್ಲಿ ಹಿಡಿಯಬೇಕು. ಪರದೆ ಚಂದ, ಬಣ್ಣ ಚಂದ. ಬ್ಯಾಟರಿ ಮಾತ್ರ ಮಧ್ಯಾಹ್ನಕ್ಕೇ ಸುಸ್ತು. ಎಡಬದಿಯಲ್ಲಿ ಅಣಬೆಯ ತಲೆಯಂಥ ಒಂದು ಗುಂಡು ಉಂಟು, ಬೆರಳು ಇಟ್ಟು ಸ್ವಲ್ಪ ದೂಡಿದರೆ ಸಾಕು, ಆ ಕಡೆ ಈ ಕಡೆ ಹೋಗುತ್ತದೆ. ಸಣ್ಣದರಲ್ಲಿ ಅದಿಲ್ಲ, ಬಟನ್ನಿನ ಹಾಗೆ ಒತ್ತುವ ಗುಬ್ಬಿ ಮಾತ್ರ.

ಹೊಸ ವಸ್ತು ಅಲ್ವಾ, ಎರಡನ್ನೂ ದೇವರ ಎದುರು ಇಟ್ಟು ಗಂಧ ಹಚ್ಚಿದೆ. ಸಣ್ಣದರ ಗುಬ್ಬಿಯ ಸಂದಿಗೆ ಗಂಧ ಇಳಿದು ಒಣಗಿ ಗಟ್ಟಿಯಾಯಿತು ಮಾರಾಯ್ತಿ! ನಮಗೆ ಗೊತ್ತೇ ಇಲ್ಲ. ಅಪ್ಪ ಬೋಟಿನಲ್ಲಿ ಹಿಂದೆ ಇಟ್ಟಿಗೆ ಬೀಳುವ ಆಟ ಆಡುತ್ತಿದ್ದರಲ್ಲ, ಅದೇ ಆಸೆಗೆ ಸಣ್ಣದನ್ನು ತೆಗೆದುಕೊಂಡರು. ಎಡಗೈ ಹೆಬ್ಬೆರಳಿನಲ್ಲಿ ಒತ್ತಿದರೆ ಗುಬ್ಬಿ ಒಳಗೆ ಇಳಿಯುವುದೇ ಇಲ್ಲ. ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಸಿಕ್ಕಿದ ಕೈ, ಆ ಬೆರಳು ಮೊದಲೇ ಮರಗಟ್ಟಿದ್ದು. "ಈ ಕೈ ಇನ್ನು ಯಾವುದಕ್ಕೂ ಆಗುವುದಿಲ್ಲ" ಎಂದು ಅದನ್ನು ಹಾಸಿಗೆಗೆ ಬಿಸಾಡಿದರು. (ಇದನ್ನು ಬರೆಯಬೇಡ ಎನ್ನುತ್ತಾರೆ. ಬರೆದಾಯಿತು.) ಮಾವ ಬಂದು ಗಂಧ ಕಂಡು, "ಅಕ್ಕಾ, ದೇವರಿಗೆ ಆಟ ಆಡಲು ಇಟ್ಟದ್ದಾ?" ಎಂದು ಬೈದು, ಹಲ್ಲುಕಡ್ಡಿಯಲ್ಲಿ ಕೆದಕಿ ಸರಿ ಮಾಡಿದ. ಅಷ್ಟು ಹೊತ್ತು ಸುಮ್ಮನಿರಲಿ ಎಂದು ಅಪ್ಪನ ಕೈಗೆ ದೊಡ್ಡದನ್ನು ಕೊಟ್ಟಿದ್ದ. ಅಂದಿನಿಂದ ದಿನಾ ಸ್ವಲ್ಪ ಹೊತ್ತು ಅದನ್ನು ಹಿಡಿದು ನೋಡುತ್ತಾರೆ, ಸುಮ್ಮನೆ.

ಅಪ್ಪ ಹೇಳುವುದು, ಮಗಳು ಕಿಸೆಗೆ ಹಿಡಿಯುವಂಥದ್ದು ಬೇಕು ಎನ್ನುತ್ತಿದ್ದಳು, ಅದನ್ನೇ ಇಡು, ದೊಡ್ಡದು ಜಿತೇಶನಿಗೆ ಹೋಗಲಿ, ಈ ಪ್ರಾಯದಲ್ಲಿ ನನಗೆ ಎಂತ ಆಟ ಎಂದು. ಮಾವ ಮಂಗಳವಾರ ಸಂತೆಕಟ್ಟೆಗೆ ಹೊರಡುತ್ತಾನೆ. ನಿನ್ನ ಮನಸ್ಸು ಏನೆಂದು ಬರೆದು ಕಳಿಸು.

ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಉಣ್ಣು. ಕೃಷ್ಣ ದೇವರು ನಿನ್ನ ಬೆನ್ನಿಗಿರಲಿ. ಅಪ್ಪ ಕೇಳಿದ್ದಾರೆಂದು ಬರೆಯಲು ಹೇಳಿದರು.

ನಿನ್ನ ಅಮ್ಮ,
ಸರಸ

ಬರೆಯಲು ಬಿಟ್ಟುಹೋದದ್ದು: ಅಪ್ಪ ಈಗ ಮೀಯಲು ಹೋದರು, ಬೇಗ ಬರೆಯುತ್ತೇನೆ. ಮಣಿಪಾಲ ಆಸ್ಪತ್ರೆಯ ಪ್ರಣೀತಾ ಮೇಡಂ ಕೈಯ ವ್ಯಾಯಾಮಕ್ಕೆ ಕೊಟ್ಟ ರಬ್ಬರು ಚೆಂಡನ್ನು ಅವರು ಒಂದು ದಿನವೂ ಮುಟ್ಟಲಿಲ್ಲ, "ನಾನೆಂತ ತೊಟ್ಟಿಲ ಮಗುವಾ" ಎಂದು. ದೊಡ್ಡ ಗೇಮಿನ ಈ ಗುಂಡನ್ನು ಮಾತ್ರ ಬಿಡುವುದಿಲ್ಲ. ಮೊನ್ನೆ ಮೇಡಂ ಬೆರಳು ಹಿಡಿದು ನೋಡಿ, ಎಂತ ಮಾಡುತ್ತಿದ್ದೀರೋ ಅದನ್ನೇ ಮಾಡಿ, ನಿಲ್ಲಿಸಬೇಡಿ ಎಂದರು. ಇವತ್ತು ಅಂಗಿಯ ಗುಬ್ಬಿ ಅವರೇ ಹಾಕಿಕೊಂಡರು ಮಗಾ. ನಾನು ನೋಡದ ಹಾಗೆ ಮಾಡಿದೆ. ಬೋಟು ನಡೆಸಿದ ತಾಂಡೇಲ ತನಗೆ ಆಟದ ಸಾಮಾನು ಬೇಕು ಎಂದು ಬಾಯಿಬಿಟ್ಟು ಹೇಳುತ್ತಾರಾ? ನಿನ್ನ ಉತ್ತರವನ್ನು ಅವರು ಓದಿಯೇ ಓದುತ್ತಾರೆ. ಹಾಗಾಗಿ ನನಗೆ ದೊಡ್ಡದೇ ಬೇಕು ಎಂದು ಬರೆ. ದಸರಾ ರಜೆಯವರೆಗೆ ಆಡದೆ ಇಟ್ಟರೆ ಬ್ಯಾಟರಿ ಹಾಳಾಗುತ್ತದೆ, ಅಪ್ಪ ದಿನಾ ಆಡಿ ನೋಡಿಕೊಳ್ಳಬೇಕು ಎಂದೂ ಬರೆ. ನಿನಗೆ ಸಣ್ಣದೇ ಆಸೆ ಇದ್ದರೆ ಅದನ್ನೇ ಬರೆ, ನಾನು ಬೇಸರ ಮಾಡುವುದಿಲ್ಲ, ಮಾವನ ಹತ್ತಿರ ಬೇರೆ ಮಾತಾಡುತ್ತೇನೆ. ಉಪವಾಸದ ದಿನ ಸುಳ್ಳು ಬರೆಯಲು ಹೇಳಬಾರದು. ಆದರೆ ನಿನಗೆ ಇದು ಸಿಗುವುದು ನಾಳೆ, ಉಪವಾಸ ಮುಗಿದ ದ್ವಾದಶಿಗೆ. ಬ್ರೆಡ್ಡಿನ ವ್ಯಾನಿನ ಎಡ್ವಿನ್ ಅಂಕಲ್ ಬೆಳಿಗ್ಗೆ ಇದನ್ನು ಕೊಟ್ಟು, ಸಂಜೆ ವಾಪಸು ಬರುವಾಗ ಹಾಸ್ಟೆಲಿನ ಗೇಟಿನಲ್ಲಿ ನಿಲ್ಲುತ್ತಾರೆ. ಉತ್ತರವನ್ನು ಅವರ ಕೈಯಲ್ಲೇ ಕೊಡು. ಅಕ್ಷರ ದೊಡ್ಡದಾಗಿ ಬರೆ, ಅಪ್ಪನಿಗೆ ಕನ್ನಡಕ ಇಲ್ಲದೆ ಓದಲು ಆಗಬೇಕು.