ಎರಡು ನಿಮಿಷದ ಗಂಟೆ

ನವೆಂಬರ್ ೧೨, ಮಂಗಳವಾರ

ಮೂರು ತಿಂಗಳಲ್ಲಿ ಯುದ್ಧ ಮುಗಿಸುತ್ತೇವೆ ಎಂದರು, ಎರಡು ವರ್ಷವಾಯಿತು. ಸತ್ತವರ ಪಟ್ಟಿ ಕೊಡುತ್ತೇವೆ ಎಂದರು, ಕೊಡಲಿಲ್ಲ. ಅಕ್ಕನ ಮಗನ ಹೆಣವನ್ನೂ ಕೊಡಲಿಲ್ಲ.

ನಮ್ಮ ಸಂಘ ಏರ್ಪಡಿಸಿದ್ದ ಇಂದಿನ ಬಹಿರಂಗ ಚರ್ಚೆಯಲ್ಲಿ ಸೇನೆಯ ವಕ್ತಾರ ನಕ್ಷೆಗೆ ಕೋಲು ತಾಗಿಸುತ್ತ ಮುಕ್ಕಾಲು ಗಂಟೆ ಕೊರೆದ: "ಹನ್ನೊಂದು ಕಿಲೋಮೀಟರ್ ಮುಂದೆ ಹೋಗಿದ್ದೀವಿ."

ಅಕ್ಕ ಎದ್ದಳು. ಮಗನ ವಿಷಯವೆಲ್ಲ ಹೇಳಿ, "ಆ ಹನ್ನೊಂದರಲ್ಲಿ ಅವನೆಲ್ಲಿ ಬಿದ್ದಿದ್ದಾನೆ, ಕೋಲಿಟ್ಟು ತೋರಿಸಪ್ಪಾ" ಎಂದಳು. ವಕ್ತಾರ ಬಾಯಿ ತೆರೆಯುವಷ್ಟರಲ್ಲಿ ಗಂಟೆ ಬಾರಿಸಿದೆ. ಹೌದು, ನಾನೇ. ಸಭಿಕರಿಗೆ ಪ್ರಶ್ನೋತ್ತರ ಸೇರಿ ಎರಡೇ ನಿಮಿಷ ಎಂಬ ನಿಯಮ ಮಾಡಿದ್ದೂ ನಮ್ಮ ಸಂಘವೇ, ಥೂ!

"ತಪ್ಪು ನಂದೇ ಕಣೋ, ಉತ್ತರಕ್ಕೆ ಅರ್ಧ ನಿಮಿಷ ಉಳಿಸ್ಬೇಕಿತ್ತು" ಎಂದಳು ಅಕ್ಕ.

ಹೊರಡುವಾಗ ವಕ್ತಾರ ನನ್ನ ಕೈಕುಲುಕಿದ. "ಮುಂದಿನ ಸಭೆ ಗುರುವಾರ ಸಂಜೆ ಆರಕ್ಕಲ್ವಾ? ಅವತ್ತೂ ಗಂಟೆ ನೀವೇ ಹಿಡೀರಿ ಸಾರ್."